ನೋಯದ ಕಣ್ಣನ್ನೂ ನೋಡಿ

ವಿಜಯನಗರ ಜಿಲ್ಲೆಯ ನೇತ್ರಾಧಿಕಾರಿಗಳಿಗೆ,

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮೆಕ್ಕೆಜೋಳದ ರಾಶಿ ಶುರುವಾದರೆ "ಕಣ್ಣಿಗೆ ರವದಿ ಹೊಡೀತ್ರೀ" ಎಂದು ಜನ ನಿಮ್ಮಲ್ಲಿಗೆ ಬರುತ್ತಾರೆ. ನೀವು ಫ್ಲೋರೆಸೀನ್ ಬಣ್ಣದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಡುತ್ತೀರಿ. ಹಸಿರು ಗೆರೆ ಹೊಳೆದರೆ ಗಾಯ. ನನ್ನ ಕೋರಿಕೆ ಇನ್ನೊಂದು ಕಣ್ಣಿನ ಬಗ್ಗೆ. ನೋವಿಲ್ಲದ ಆ ಕಣ್ಣಿಗೂ ಬಣ್ಣ ಹಾಕಿ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬರೆಯಿರಿ.

ಯಾವ ತೊಂದರೆಯೂ ಇಲ್ಲದ ಕಣ್ಣಿನ ಕಾರ್ನಿಯಾದಲ್ಲೂ, ಅದರಲ್ಲೂ ಕೆಳಭಾಗದಲ್ಲಿ, ನಾಲ್ಕಾರು ಹಸಿರು ಚುಕ್ಕೆ ಕಾಣುವುದುಂಟು. ಮೇಲ್ಪದರದ ಕೋಶಗಳು ದಿನವೂ ಉದುರಿ ಹೊಸವು ಬರುತ್ತಿರುತ್ತವೆ. ಇಂದು ಕಂಡ ಚುಕ್ಕೆ ನಾಳೆ ಇರದೆಯೂ ಹೋಗಬಹುದು. ಇದು ರೋಗವಲ್ಲ. ಆದರೆ ಬಿಸಿಲು, ಧೂಳು, ಒಣಗಾಳಿಯಲ್ಲಿ ದುಡಿಯುವ ನಮ್ಮ ಕುರಿಗಾಹಿಯ, ಕೂಲಿಯವಳ ಕಣ್ಣಿಗೆ ಎಷ್ಟು ಚುಕ್ಕೆ ಸಹಜ? ದೂರದ ಊರಿನ ತಂಪು ಕೋಣೆಯಲ್ಲಿ ಕೂತವರ ಕಣ್ಣು ನೋಡಿ ಅದನ್ನು ಹೇಳಲಾಗದು.

ನೋಡುವ ರೀತಿಯೂ ಮುಖ್ಯ. ಮೊದಲು ಒಳ್ಳೆಯ ಕಣ್ಣು, ಆಮೇಲೆ ನೋಯುವ ಕಣ್ಣು, ಪ್ರತಿ ಕಣ್ಣಿಗೆ ಹೊಸ ಪಟ್ಟಿ. ಸೀಸೆಯ ದ್ರಾವಣ ಬೇಡ, ಅದರಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಮರಗಟ್ಟಿಸುವ ಹನಿಯನ್ನು ಮೊದಲೇ ಹಾಕಿದರೆ ಅದೇ ಚುಕ್ಕೆ ಎಬ್ಬಿಸಬಲ್ಲದು. ಬಣ್ಣ ಹೆಚ್ಚಾದರೆ ಹೊಳಪೇ ಮಂಕಾಗುತ್ತದೆ. ಒಂದೆರಡು ನಿಮಿಷ ಕಾದು, ಇದ್ದರೆ ಹಳದಿ ಫಿಲ್ಟರ್ ಹಿಡಿದು, 0ಯಿಂದ 5ರವರೆಗಿನ ಆಕ್ಸ್‌ಫರ್ಡ್ ಮಾಪನದಲ್ಲಿ ದರ್ಜೆ ಕೊಡಿ. ಚುಕ್ಕೆ ಎಲ್ಲಿದೆ ಎಂಬುದನ್ನೂ ಗುರುತಿಸಿ: ನಡುವೆ, ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ.

ಇಷ್ಟು ಹಟ ಏಕೆಂದರೆ, ಸಹಜ ಚುಕ್ಕೆಯನ್ನು ರೋಗವೆಂದರೆ ಬಡವರು ಬೇಡದ ಹನಿಗೆ ದುಡ್ಡು ಸುರಿಯುತ್ತಾರೆ. ತರಚನ್ನು ಸಹಜವೆಂದು ಬಿಟ್ಟರೆ ಇನ್ನೂ ಕೆಟ್ಟದ್ದು. ಅವರು ಮನೆಗೆ ಹೋಗಿ ಎದೆಹಾಲು ಹಿಂಡಿಸಿಕೊಳ್ಳುತ್ತಾರೆ, ಅಂಗಡಿಯ ಸ್ಟಿರಾಯ್ಡ್ ಹನಿ ಹಾಕುತ್ತಾರೆ. ರವದಿಯ ಜೊತೆ ಬಂದ ಶಿಲೀಂಧ್ರ ತರಚಿದ ಜಾಗದಲ್ಲಿ ಬೇರೂರಿ, ಕಣ್ಣಲ್ಲಿ ಹೂ ಬೀಳುತ್ತದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರೇ ಫ್ಲೋರೆಸೀನ್ ಪಟ್ಟಿ, ನೀಲಿ ಟಾರ್ಚ್ ಹಿಡಿದು ತರಚು ಹುಡುಕಿದರು. ಗಾಯವಾದ 18 ಗಂಟೆಯೊಳಗೆ ಕ್ಲೋರಾಂಫೆನಿಕಾಲ್ ಮುಲಾಮು ಸಿಕ್ಕವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರಿಗೂ ಇದನ್ನು ಕಲಿಸಬಹುದು. ಆದರೆ ಸಹಜ ಕಣ್ಣು ಹೇಗಿರುತ್ತದೆಂದು ಅವರಿಗೆ ತೋರಿಸಬೇಕಾದವರು ನೀವು. ಮುಂದಿನ ರಾಶಿಗೆ ಮುಂಚೆಯೇ, ಈ ಐದೂ ತಾಲ್ಲೂಕುಗಳಲ್ಲಿ, ಎರಡೂ ಕಣ್ಣಿನ ದರ್ಜೆ ಬರೆಯುವುದನ್ನು ಆರಂಭಿಸಿ.

ಇಂತಿ,
ಈ ಸೀಮೆಯ ಒಬ್ಬ ನಿವಾಸಿ