ಟೂರ್ ಯಜಮಾನ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸಮುದ್ರದಾಚೆಯ ಥೀಮ್ ಪಾರ್ಕಿಗೆ ಹೋಗಿಬರುವ ಹೊಣೆಯನ್ನು, ಯಾರೂ ಹೇಳದೆ ತಾನಾಗಿ ಹೆಗಲಿಗೆ ಹಾಕಿಕೊಂಡ ಗೃಹಸ್ಥನಿಗೆ ಟೂರ್ ಯಜಮಾನ ಎಂದು ಹೆಸರು. ವಯಸ್ಸು ನಲವತ್ತರ ಆಚೀಚೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಎಕ್ಸೆಲ್ ಶೀಟಿನಲ್ಲಿ ಇಂಗ್ಲಿಷ್. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯ ಹವೆ ಈ ತಳಿಗೆ ಚೆನ್ನಾಗಿ ಒಗ್ಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು; ವಿಜಯಪುರದ ಮೇಲೆ ಹೋದರೆ ಅದು ಗಂಟೆಯೊಳಗಿನ ದಾರಿ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ತಲೆಯೆತ್ತಿ "ಇದು ದುಬೈದು" ಎಂದು ಗುರುತು ಹಿಡಿಯುವವನು ಊರಿಗೆ ಒಬ್ಬನಾದರೂ ಸಿಗುತ್ತಾನೆ. ಮುಂದೆ ಟೂರ್ ಯಜಮಾನನಾಗುವವನು ಅವನೇ.

ಸೋಂಕು ತಗಲುವುದು ವಾಟ್ಸಾಪ್ ಸ್ಟೇಟಸ್‌ನಿಂದ. ನ್ಯೂಜೆರ್ಸಿಯಲ್ಲಿರುವ ಷಡ್ಡಕ ಹೆಂಡತಿ ಮಕ್ಕಳೊಡನೆ ನೀಲಿ ಗೋಪುರದ ಕೋಟೆಯೆದುರು ನಿಂತು, ತಲೆಗೆ ಇಲಿಯ ಕಿವಿ ಸಿಕ್ಕಿಸಿಕೊಂಡ ಫೋಟೊ ಹಾಕುತ್ತಾನೆ. ಮನೆಯೊಡತಿ ಅದನ್ನು ಏನೂ ಮಾತಾಡದೆ ಗಂಡನಿಗೆ ತೋರಿಸುತ್ತಾಳೆ. ಹೇಳಿದ್ದರೆ ವಾದಿಸಬಹುದಿತ್ತು.

ಯಜಮಾನರಲ್ಲಿ ಎರಡು ಜಾತಿ. ಸಣ್ಣ ಜಾತಿಯವನು ಸಿಂಗಪುರಕ್ಕೆ ತೃಪ್ತನಾಗುತ್ತಾನೆ. ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ 2010ರಲ್ಲಿ ತೆರೆದಿದ್ದು, ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಹಾಂಗ್‌ಕಾಂಗ್, ಟೋಕಿಯೊಗಳಲ್ಲೂ ಡಿಸ್ನಿ ಪಾರ್ಕುಗಳಿವೆ. ಆದರೆ ದೊಡ್ಡ ಜಾತಿಯವನ ಪಾಲಿಗೆ, ನಡುವೆ ಒಂದು ಕಡೆ ಇಳಿದು ಹತ್ತದ ಪ್ರಯಾಣ ತಿರುಪತಿಗೆ ಹೋಗಿಬಂದಂತೆ, ಹೇಳಿಕೊಳ್ಳುವಂಥದ್ದಲ್ಲ. ಅವನ ಗುರಿ ಅಮೆರಿಕದ ಫ್ಲಾರಿಡಾದಲ್ಲಿರುವ ಒರ್ಲಾಂಡೊ. ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರಲ್ಲೇ ಮೊದಲ ಡಿಸ್ನಿಲ್ಯಾಂಡ್ ಬಂದಿದೆಯಲ್ಲ ಎಂದು ಯಾರಾದರೂ ನೆನಪಿಸಿದರೆ, "ಅದು ಹಳೇದು, ಚಿಕ್ಕದು" ಎನ್ನುತ್ತಾನೆ. ಒರ್ಲಾಂಡೊದ್ದು 1971ರ ಅಕ್ಟೋಬರ್ 1ರಂದು ತೆರೆದಿದ್ದು. ನಾಲ್ಕು ಪಾರ್ಕು, ಸುಮಾರು 25,000 ಎಕರೆ.

ಈ ಎಕರೆಯ ಲೆಕ್ಕ ಜಂಗಮಕೋಟೆಯ ಟೀ ಅಂಗಡಿಯಲ್ಲಿ ಹುಟ್ಟಿಸುವ ಕುತೂಹಲವನ್ನು ಮಿಕ್ಕಿ ಇಲಿಯೂ ಹುಟ್ಟಿಸಿಲ್ಲ, ಡೊನಾಲ್ಡ್ ಬಾತುಕೋಳಿಯೂ ಹುಟ್ಟಿಸಿಲ್ಲ. ಕೈಗಾರಿಕೆಗೆ ಭೂಸ್ವಾಧೀನವಾಗುತ್ತದೆಂಬ ಸುದ್ದಿಯಲ್ಲಿ ಊರೇ ಎರಡು ಪಕ್ಷವಾಗಿರುವಾಗ, ವಾಲ್ಟ್ ಡಿಸ್ನಿ ಅಷ್ಟು ನೆಲವನ್ನು ಬೇರೆ ಬೇರೆ ಹೆಸರಿನ ಕಂಪನಿಗಳನ್ನು ಮುಂದಿಟ್ಟು ಗುಟ್ಟಾಗಿ ಕೊಂಡನಂತೆ, 1965ರಲ್ಲಿ ಗುಟ್ಟು ಬಯಲಾದ ಕೂಡಲೇ ಸುತ್ತಲಿನ ಜಮೀನಿನ ಬೆಲೆ ಜಿಗಿಯಿತಂತೆ ಎಂಬ ಸಂಗತಿಯನ್ನು ಹಿರಿಯರು ಎರಡೆರಡು ಸಲ ಹೇಳಿಸಿಕೊಂಡು ಕೇಳುತ್ತಾರೆ. "ಮೊದಲು ಮಾರಿದೋನು ಕೆಟ್ಟ" ಎಂದು ಒಬ್ಬರು ತೀರ್ಪು ಕೊಡುತ್ತಾರೆ. ರೈಡುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಯೋಜನೆಯ ಮೊದಲ ಘಟ್ಟ ಪಾಸ್‌ಪೋರ್ಟು. ಅದರ ಮೊದಲ ತೊಡಕು ಹೆಸರು. ಈ ಸೀಮೆಯಲ್ಲಿ ಮನುಷ್ಯನಿಗೆ ಒಂದು ಹೆಸರು, ಅದರ ಮುಂದೆ ಒಂದೋ ಎರಡೋ ಇನಿಷಿಯಲ್. ಅವು ಊರಿನವೋ ಅಪ್ಪನವೋ ಎಂಬುದು ಶಾಲೆಗೆ ಸೇರಿಸಿದ ಮೇಷ್ಟರಿಗೆ ಗೊತ್ತಿತ್ತು, ಅವರು ಈಗ ಇಲ್ಲ. ಆಧಾರಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಪಹಣಿಯಲ್ಲಿ "ಬಿನ್" ಸೇರಿಸಿಕೊಂಡು ಮತ್ತೊಂದು. ಮುನಿಯಪ್ಪ ಎಂಬ ಬರಿಯ ಹೆಸರಿನ ಅಜ್ಜನಿಗೆ ಸರ್‌ನೇಮ್ ಇಲ್ಲದೆ ಪಾಸ್‌ಪೋರ್ಟ್ ಸಿಗುತ್ತದೆ, ಅದೇನೂ ತಪ್ಪಲ್ಲ. ಆದರೆ ಅಮೆರಿಕದ ವೀಸಾ ಬಂದಾಗ ಅದರಲ್ಲಿ ಮುನಿಯಪ್ಪ ಎಂಬುದು ಮನೆತನದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಕೂತಿರುತ್ತದೆ. ಅದರ ಅರ್ಥ, ಮೊದಲ ಹೆಸರು ಗೊತ್ತಿಲ್ಲ ಎಂದು. ಎಪ್ಪತ್ತು ವರ್ಷ ಹೋಬಳಿಗೆಲ್ಲ ಗೊತ್ತಿದ್ದ ಹೆಸರು ಅದೊಂದೇ.

ವೀಸಾ ಅರ್ಜಿಗೆ ಡಿಎಸ್-160 ಎಂದು ಹೆಸರು. ಶುಲ್ಕ 2023ರ ಜೂನ್‌ನಲ್ಲಿ ತಲೆಗೆ 185 ಡಾಲರ್ ಆಯಿತು. ವೀಸಾ ಕೊಡದಿದ್ದರೂ ಅದು ವಾಪಸು ಬರುವುದಿಲ್ಲ. ಟೂರ್ ಯಜಮಾನ ಇದನ್ನು ಅಜ್ಜಿಯಿಂದ ಕಡೆಯವರೆಗೂ ಮುಚ್ಚಿಡುತ್ತಾನೆ. ಅರ್ಜಿಯ ಪ್ರಶ್ನೆಗಳನ್ನು ಅವನು ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಕೂತು ಒಬ್ಬೊಬ್ಬರಿಗೂ ತರ್ಜುಮೆ ಮಾಡಿ ಓದುತ್ತಾನೆ. ಸಿಡಿಮದ್ದು, ಬಂದೂಕು, ಅಣುವಿದ್ಯೆಗಳಲ್ಲಿ ವಿಶೇಷ ತರಬೇತಿ ಇದೆಯೇ ಎಂಬ ಪ್ರಶ್ನೆ ಬಂದಾಗ ಅಜ್ಜ ನೆಟ್ಟಗೆ ಕೂರುತ್ತಾರೆ. ಹರೆಯದಲ್ಲಿ ಸುತ್ತಲಿನ ಎಷ್ಟೋ ಬಾವಿಗಳ ಬಂಡೆಗೆ ಮದ್ದು ಇಟ್ಟು ಸಿಡಿಸಿದವರು ಅವರು. ಆ ವಿದ್ಯೆಯನ್ನು ಒಂದು ಸರ್ಕಾರ ಕೇಳಿ ತಿಳಿದುಕೊಳ್ಳುತ್ತಿರುವುದು ಇದೇ ಮೊದಲು. ಅವರನ್ನು ಸುಮ್ಮನಿರಿಸಲು ಎರಡು ದಿನ ಹಿಡಿಯುತ್ತದೆ. ಸಂದರ್ಶನಕ್ಕೆ ಚೆನ್ನೈಗೆ ಹೋಗುವ ದಿನ ಅವರ ಪಕ್ಕದ ಕುರ್ಚಿಯನ್ನು ಸೊಸೆಗೇ ಮೀಸಲಿಡುತ್ತಾರೆ.

ಮುಂದಿನದು ದಿನಾಂಕ. ಟೂರ್ ಯಜಮಾನನ ನಿಜವಾದ ಪಾಂಡಿತ್ಯ ಹೊರಬೀಳುವುದು ಇಲ್ಲಿ. ರೇಷ್ಮೆ ಮನೆಯ ಪಂಚಾಂಗವೇ ಬೇರೆ. ಚಾಕಿ ಎಂಬ ಎಳೆಯ ಹುಳು ತಂದ ಮೇಲೆ ಗೂಡು ಬಿಡಿಸುವವರೆಗೆ ಮೂರರಿಂದ ನಾಲ್ಕು ವಾರ; ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು, ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗಿನ ಒಂದು ವಾರದಲ್ಲಿ ಇಡೀ ಬೆಳೆಯ ಸೊಪ್ಪಿನ ಮುಕ್ಕಾಲಿಗೂ ಹೆಚ್ಚು ಪಾಲನ್ನು ತಿಂದು ಹಾಕುತ್ತದೆ. ಆ ವಾರದಲ್ಲಿ ಮನೆಯವರು ಮದುವೆಗೂ ಹೋಗುವುದಿಲ್ಲ, ಸಾವಿಗೆ ಹೋದರೂ ಮಣ್ಣು ಹಾಕಿ ಬರುತ್ತಾರೆ. ಗೂಡು ಮಾರಿ, ಹುಳುಮನೆ ತೊಳೆದು, ಔಷಧ ಹೊಡೆದು, ಮುಂದಿನ ಚಾಕಿ ತರುವ ನಡುವಿನ ಬಿಡುವೇ ಪ್ರವಾಸಕ್ಕೆ ಸಿಗುವ ಕಿಂಡಿ. ಆ ಕಿಂಡಿಗೆ ಶಾಲೆಯ ರಜೆ ಹೊಂದಬೇಕು. ಡಿಸೆಂಬರಿನ ಕೊನೆಯ ವಾರ ಹೊಂದುತ್ತದೆ, ಆದರೆ ಒರ್ಲಾಂಡೊದಲ್ಲಿ ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರವೂ ಅದೇ. ಸೆಪ್ಟೆಂಬರಿನಲ್ಲಿ ಜನ ಕಡಿಮೆ, ಟಿಕೆಟ್ ಅಗ್ಗ. ಚಂಡಮಾರುತದ ಕಾಲವೆಂಬ ಸಣ್ಣ ಅಡ್ಡಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳುವವಳು ಅಜ್ಜಿ, ಅದೂ ಬೇರೆ ಕಾರಣಕ್ಕೆ: ಅವನು ಹುಡುಕಿ ತೆಗೆದ ಎಲ್ಲಕ್ಕಿಂತ ಅಗ್ಗದ ಹದಿನೈದು ದಿನ ನೆಟ್ಟಗೆ ಪಿತೃಪಕ್ಷದಲ್ಲಿ ಬಿದ್ದಿರುತ್ತದೆ.

"ಅಮೆರಿಕಾದಾಗೆ ಪಿತೃಪಕ್ಷ ಇಲ್ಲಮ್ಮ" ಎಂದು ಮಗ.

"ಅಲ್ಲಿಲ್ದಿದ್ರೆ ಏನ್ಲಾ, ಹೋಗೋರು ಇಲ್ಲಿಯೋರಲ್ವಾ" ಎಂದು ತಾಯಿ.

ಟಿಕೆಟ್ ದರದ ವಿಷಯದಲ್ಲಿ ಮಾತ್ರ ಅವನಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ಒರ್ಲಾಂಡೊದ ಡಿಸ್ನಿ ಪಾರ್ಕುಗಳಲ್ಲಿ 2018ರ ಅಕ್ಟೋಬರ್‌ನಿಂದ ದಿನಕ್ಕೊಂದು ದರ. ಬೆಂಗಳೂರಿನ ಸಾಫ್ಟ್‌ವೇರ್ ಭಾವಮೈದ ಇದನ್ನು ಅನ್ಯಾಯವೆಂದು ಕೂಗಾಡುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳೆದವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನಿನ್ನೆಯ ದರ ನಿನ್ನೆಗೆ. ಪಕ್ಕದ ಲಾಟಿಗೆ ಸಿಕ್ಕಿದ ದರ ತನ್ನ ಲಾಟಿಗೆ ಸಿಗಬೇಕೆಂದಿಲ್ಲ. ಮೋಡ ಕವಿದರೂ ದರ ಅಲುಗುತ್ತದೆ. ಹಾಗೆಯೇ ಸಾಲು. ಪಾರ್ಕಿನ ನಿಜವಾದ ಸರಕು ಸಾಲೇ ಎಂಬುದನ್ನು ಪರಿಣತರು ತಡವಾಗಿ ಕಂಡುಕೊಂಡಿದ್ದಾರೆ. ಇವನು ಮೊದಲ ದಿನವೇ ಕಂಡುಕೊಳ್ಳುತ್ತಾನೆ. ಮೂರು ನಿಮಿಷದ ರೈಡಿಗೆ ಒಂದೂವರೆ ಗಂಟೆ ನಿಲ್ಲಬೇಕು, ದುಡ್ಡು ಕೊಟ್ಟವನಿಗೆ ಬೇರೆ ಸಾಲು. 1999ರಿಂದ ಪುಕ್ಕಟೆ ಇದ್ದ ಫಾಸ್ಟ್‌ಪಾಸ್ ಹೋಗಿ, 2021ರಲ್ಲಿ ಕಾಸಿನ ಜೀನಿ ಪ್ಲಸ್ ಬಂತು. 2024ರ ಜುಲೈಯಲ್ಲಿ ಅದೂ ಹೋಗಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಬಂತು. ವಿಶೇಷ ದರ್ಶನದ ಟಿಕೆಟ್ ಕೊಂಡು ದೇವಸ್ಥಾನದೊಳಗೆ ಹೋಗಿ ರೂಢಿಯಿರುವ ಕುಟುಂಬಕ್ಕೆ ಇದನ್ನು ಒಂದೇ ವಾಕ್ಯದಲ್ಲಿ ವಿವರಿಸಿ ಮುಗಿಸಬಹುದು.

ಲೈಟ್ನಿಂಗ್ ಲೇನ್ ಪಾಸುಗಳನ್ನು ಮುಂಗಡವಾಗಿ ಕೊಳ್ಳುವ ಗಳಿಗೆ ಅಲ್ಲಿಯ ಬೆಳಗಿನ ಏಳು ಗಂಟೆ. ಬೇಸಿಗೆಯಲ್ಲಿ ಒರ್ಲಾಂಡೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಂದರೆ ಇಲ್ಲಿಯ ಸಂಜೆ ನಾಲ್ಕೂವರೆ, ಹಾಲು ಕರೆದು ಡೇರಿಗೆ ಹಾಕುವ ಹೊತ್ತು. ಹೊರಡುವುದಕ್ಕೆ ಮುಂಚೆ ಹೀಗೊಂದು ಸಂಜೆ ಹೊಣೆಗಾರ ಗೃಹಸ್ಥನೊಬ್ಬ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಫೋನು ಹಿಡಿದು ಡೇರಿಯ ಕಟ್ಟೆಯ ಮೇಲೆ ನಿಂತು "ಸೆವೆನ್ ಡ್ವಾರ್ಫ್ಸ್ ಹೋಯ್ತು, ಹೋಯ್ತು" ಎಂದು ಕೂಗುವುದುಂಟು. ಯಾರದೋ ಮನೆಯಲ್ಲಿ ಏನೋ ಆಗಿದೆಯೆಂದು ಜನ ಸೇರುತ್ತಾರೆ.

ಇದನ್ನೆಲ್ಲ ಬರೆದಿಡುವ ಎಕ್ಸೆಲ್ ಶೀಟಿನ ವಿಷಯ ಒಂದು ಮಾತಿನಲ್ಲಿ ಮುಗಿಸಬಹುದು: ಹದಿನಾಲ್ಕು ಕಾಲಮ್, ಮೂರು ಬಣ್ಣ, "ಅಮ್ಮನ ಮಂಡಿ" ಎಂಬ ಒಂದು ಪ್ರತ್ಯೇಕ ಸಾಲು.

ಎತ್ತರದ ವಿಷಯಕ್ಕೆ ಹೆಚ್ಚು ಜಾಗ ಬೇಕು. ಪಾರ್ಕಿನ ದೊಡ್ಡ ರೈಡುಗಳಿಗೆ ಎತ್ತರದ ಗೆರೆ ಇದೆ. ಮ್ಯಾಜಿಕ್ ಕಿಂಗ್ಡಮ್‌ನ ಸ್ಪೇಸ್ ಮೌಂಟನ್‌ಗೆ 44 ಇಂಚು, ಸೆವೆನ್ ಡ್ವಾರ್ಫ್ಸ್ ಗಣಿಯ ರೈಲಿಗೆ 38. ಟಿಕೆಟ್ಟಿಗೆ ವಯಸ್ಸಿನ ಗೆರೆ: ಮೂರು ತುಂಬದ ಮಗು ಪುಕ್ಕಟೆ, ಹತ್ತು ತುಂಬಿದರೆ ದೊಡ್ಡವರ ದರ. ಹಾಗಾಗಿ ಟೂರ್ ಯಜಮಾನನಿಗೆ ಮಕ್ಕಳು ಬೇಗ ಎತ್ತರವಾಗಬೇಕು, ನಿಧಾನ ವಯಸ್ಸಾಗಬೇಕು. ಹುಳುಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ 38, 44 ಎಂದು ಎರಡು ಗೆರೆ ಎಳೆದಿರುತ್ತದೆ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಬೆನ್ನು ತಾಗಿಸಿ ನಿಲ್ಲಿಸುತ್ತಾರೆ. ಮೊಟ್ಟೆ, ಹಾಲು, ರಾಗಿ ಮುದ್ದೆ, ನೇತಾಡಲು ಒಂದು ಕಂಬಿ. ಹೀಗಿರುವಾಗ ವೀಸಾ ಸಂದರ್ಶನ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಒಂದು ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗುತ್ತದೆ, ಮನೆಯಲ್ಲಿ ಒಂದು ಮದುವೆ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಚಿಕ್ಕವಳಿಗೆ ಮೂರು ತುಂಬಿ, ದೊಡ್ಡವನಿಗೆ ಹತ್ತು ತುಂಬಿರುತ್ತದೆ. 44ರ ಗೆರೆಯನ್ನು ದೊಡ್ಡವನು ಯಾವಾಗಲೋ ದಾಟಿರುತ್ತಾನೆ, ಆದರೆ ಈಗ ಅವನಿಗೆ ಕ್ರಿಕೆಟ್ ಬಿಟ್ಟು ಬೇರೇನೂ ಬೇಡ.

ತಾಲೀಮು ಬಿಡದಿಯಲ್ಲಿ ನಡೆಯುತ್ತದೆ. 2005ರಲ್ಲಿ ಶುರುವಾದ ಅಲ್ಲಿಯ ವಂಡರ್‌ಲಾಗೆ ಕುಟುಂಬವನ್ನು ಕರೆದೊಯ್ದು, ಯಾರಿಗೆ ತಲೆ ಸುತ್ತುತ್ತದೆ, ಯಾರು ಎಷ್ಟು ಹೊತ್ತು ನಿಲ್ಲಬಲ್ಲರು ಎಂದು ಅವನು ಬರೆದಿಟ್ಟುಕೊಳ್ಳುತ್ತಾನೆ. ಬಂದ ಫಲಿತಾಂಶ ಹೀಗೆ: ಅಜ್ಜಿಗೆ ಏನೂ ಆಗಲಿಲ್ಲ, ಟೂರ್ ಯಜಮಾನನಿಗೆ ವಾಂತಿ. ಶೀಟಿನಲ್ಲಿ ಇದು ದಾಖಲಾಗುವುದಿಲ್ಲ.

ಮನೆಯ ಒಪ್ಪಿಗೆ ಕೊನೆಯವರೆಗೂ ಅರ್ಧಂಬರ್ಧವೇ. ಅನಿಮಲ್ ಕಿಂಗ್ಡಮ್ ಪಾರ್ಕಿನಲ್ಲಿ ಆನಂದಪುರ ಎಂಬ ಕಲ್ಪನೆಯ ಏಷ್ಯಾದ ಊರು ಕಟ್ಟಿದ್ದಾರೆ, ಹುಲಿ ಇದೆ, ಕಾಳಿ ರಿವರ್ ರ್ಯಾಪಿಡ್ಸ್ ಎಂಬ ನೀರಿನ ಸವಾರಿಯಿದೆ ಎಂದು ಅವನು ಆಸೆ ಹುಟ್ಟಿಸಲು ಹೇಳುತ್ತಾನೆ. ಹುಲಿ ಬನ್ನೇರುಘಟ್ಟದಲ್ಲಿದೆ, ಕಾಳಿ ನದಿ ದಾಂಡೇಲಿಯಲ್ಲಿದೆ, ಆನಂದಪುರ ಶಿವಮೊಗ್ಗ ಜಿಲ್ಲೆಯಲ್ಲಿದೆ ಎಂದು ಡಿಗ್ರಿ ಓದುವ ತಂಗಿ ಲೆಕ್ಕ ಒಪ್ಪಿಸುತ್ತಾಳೆ. ಮೂರನ್ನೂ ಒಂದೇ ಟಿಕೆಟ್ಟಿನಲ್ಲಿ ಎಲ್ಲಿ ತೋರಿಸುತ್ತಾರೆ ಎಂಬುದು ಅವನ ಉತ್ತರ. ಉತ್ತರ ದುರ್ಬಲವೇನಲ್ಲ.

ಉಳಿದದ್ದು ಗಂಟುಮೂಟೆ. ಇದು ಅಜ್ಜಿಯ ಇಲಾಖೆ. ರಾಗಿಹಿಟ್ಟು, ನಿಪ್ಪಟ್ಟು, ಹುರಿಗಡಲೆ ಚಟ್ನಿಪುಡಿ, ಉಪ್ಪಿನಕಾಯಿ, ಮುದ್ದೆಕೋಲು. ಚಟ್ನಿಪುಡಿಗೆಂದು ಇಟ್ಟ ಎರಡು ಗಿಟುಕು ಒಣಕೊಬ್ಬರಿ ಪೆಟ್ಟಿಗೆಯಿಂದ ಹೊರಬರಬೇಕಾಗುತ್ತದೆ. ವಿಮಾನದ ನಿಯಮದಲ್ಲಿ ಒಣಕೊಬ್ಬರಿ ತಾನಾಗಿ ಹೊತ್ತಿಕೊಳ್ಳಬಹುದಾದ ಅಪಾಯಕಾರಿ ಸರಕು, ಎಣ್ಣೆಯಂಶ ಅದಕ್ಕೆ ಕಾರಣ. ನಲವತ್ತು ವರ್ಷದಿಂದ ಒಲೆಯ ಮೇಲಿನ ಅಟ್ಟದಲ್ಲೇ ಕೊಬ್ಬರಿ ಇಟ್ಟವಳು ಈ ವಿವರಣೆಯನ್ನು ಕೇಳಿಸಿಕೊಂಡು, ಮಗನನ್ನು ಹೊಸದಾಗಿ ನೋಡುತ್ತಾಳೆ. ಕರಿಬೇವಿನದು ಇನ್ನೂ ಸೂಕ್ಷ್ಮ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಒಂದು ಜಿಗಿಹುಳು ಕರಿಬೇವಿನ ಗಿಡದ ಮೇಲೂ ಬದುಕುತ್ತದೆ. ಕಿತ್ತಳೆಗೆ ಹೆಸರಾದ ಫ್ಲಾರಿಡಾದಲ್ಲಿ ಆ ರೋಗ 2005ರಲ್ಲಿ ಕಾಣಿಸಿಕೊಂಡು ತೋಟಗಳನ್ನು ಬಹಳ ಕೆಡಿಸಿದೆ. ಹಾಗಾಗಿ ಹಸಿ ಕರಿಬೇವನ್ನು ಅಮೆರಿಕದೊಳಗೆ ಬಿಡುವುದಿಲ್ಲ. ಇದನ್ನು ಮಾತ್ರ ಮನೆಯವರೆಲ್ಲ ತಕ್ಷಣ ಒಪ್ಪುತ್ತಾರೆ. ರೋಗದ ಭಯಕ್ಕೆ ಹುಳುಮನೆಯ ಹೊಸ್ತಿಲಲ್ಲಿ ಸುಣ್ಣ ಚೆಲ್ಲಿ, ಪಕ್ಕದ ಮನೆಯವರನ್ನೂ ಒಳಗೆ ಬಿಡದ ಜನ ಅವರು. ಗಡಿಯಲ್ಲಿ ಎಲೆ ತಡೆಯುವವನ ಕಷ್ಟ ಅವರಿಗೆ ಗೊತ್ತು. ಅಜ್ಜಿ ಎರಡು ಎಸಳನ್ನು ಸೆರಗಿನ ಗಂಟಿನಿಂದ ತಾನೇ ಬಿಚ್ಚಿ ಕೊಡುತ್ತಾಳೆ.

ಪ್ರವಾಸದ ಬಗ್ಗೆ ಹೇಳುವುದು ಕಡಿಮೆ. ಹೋಗುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಹೋಟೆಲಿನ ಕೆಟಲಿನಲ್ಲಿ ನೀರು ಕಾಯಿಸಿ ಮುದ್ದೆಯಂಥದ್ದೊಂದನ್ನು ಮಾಡುತ್ತಾರೆ. ಟೂರ್ ಯಜಮಾನ ಕೋಟೆಯೆದುರಿನ ಫೋಟೊದಲ್ಲಿ ಇರುವುದಿಲ್ಲ, ತೆಗೆದವನು ಅವನೇ. ಸಿಡಿಮದ್ದಿನ ಮೆರವಣಿಗೆಯಂಥ ರಾತ್ರಿಯ ಬಾಣಬಿರುಸನ್ನು ಅಜ್ಜ ಕುತ್ತಿಗೆ ಎತ್ತಿ ಪೂರ್ತಿ ನೋಡಿ, ಮದ್ದು ಒಳ್ಳೇದು ಎನ್ನುತ್ತಾರೆ. ಹಿಂದಿರುಗಿದ ಮೂರನೇ ದಿನ ಚಾಕಿ ಬರುತ್ತದೆ.

ಶೀಟು ಅಲ್ಲಿಗೆ ಮುಗಿಯುವುದಿಲ್ಲ. ಊರಿನ ಮತ್ತೊಬ್ಬ ಗೃಹಸ್ಥನ ಫೋನಿಗೆ ಹೋಗುತ್ತದೆ, "ಅಮ್ಮನ ಮಂಡಿ" ಸಾಲು ಸಮೇತ. ದೊಡ್ಡವರ ವೀಸಾ ಸಾಮಾನ್ಯವಾಗಿ ಹತ್ತು ವರ್ಷದ್ದು, ಹಾಗಾಗಿ ಇನ್ನೊಮ್ಮೆ ಹೋಗದಿದ್ದರೆ ನಷ್ಟವೆಂಬ ಮಾತು ಒಂದೆರಡು ವರ್ಷದಲ್ಲಿ ಮನೆಯಲ್ಲಿ ಮೆಲ್ಲಗೆ ಏಳುತ್ತದೆ. ಮಕ್ಕಳ ಪಾಸ್‌ಪೋರ್ಟಿಗೆ ಮಾತ್ರ ಆಯಸ್ಸು 5 ವರ್ಷ. ಅದನ್ನು ಹೊಸದು ಮಾಡಿಸಲು ಹೋದಾಗ ಸರ್‌ನೇಮಿನ ಜಾಗದಲ್ಲಿ ಅಪ್ಪನ ಹೆಸರು ಹಾಕುವುದೋ, ಅಜ್ಜನದೋ, ಊರಿನದೋ ಎಂಬ ಪ್ರಶ್ನೆ ಮತ್ತೆ ನಡುಮನೆಗೆ ಬರುತ್ತದೆ.