ಲಘುಧೂಮಶಕಟನಾದದೋಷಮೀಮಾಂಸೆ: ಪ್ರವೇಶಿಕೆಗೊಂದು ಪೂರ್ವಪೀಠಿಕೆ

ಪ್ರಸ್ತುತ ಅಧ್ಯಯನವು 1:87 ಪ್ರಮಾಣದ, 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ ಅಥವಾ ಓಡಬೇಕಾಗಿದ್ದ ಉಗಿ ಇಂಜಿನ್ ಮಾದರಿಗಳಲ್ಲಿ ಕಾಣಬರುವ, ಅಂದರೆ ಕೇಳಬರದ, ನಾದವೈಕಲ್ಯದ ಬಹುಮುಖಿ ನೆಲೆಗಳನ್ನು ಅನುಸಂಧಾನಕ್ಕೆ ಒಳಪಡಿಸುವ ವಿನಮ್ರ ಪ್ರಯತ್ನವಾಗಿದೆ. ವ್ಯಾಪ್ತಿ: ಊಟದ ಮೇಜು. ಮಿತಿ: ಊಟದ ಹೊತ್ತು. ಈ ಕ್ಷೇತ್ರದ ಪೂರ್ವಸೂರಿಗಳು ‘ರೀಸೆಟ್ ಮಾಡಿ ನೋಡಿದಿರಾ?’ ಎಂಬ ಏಕೈಕ ಮಹಾವಾಕ್ಯವನ್ನಷ್ಟೇ ಬಿಟ್ಟುಹೋಗಿರುವುದರಿಂದ ಸಾಹಿತ್ಯ ಸಮೀಕ್ಷೆ ಇಲ್ಲಿಗೇ ಮುಗಿಯಿತು.

ಪರಿಭಾಷೆ. ಹಳಿಗೆ ಕೊಡುವ ವಿದ್ಯುತ್ತಿನಲ್ಲೇ ಆಜ್ಞೆಗಳನ್ನೂ ಬೆರೆಸಿ ಕಳಿಸುವ ಪದ್ಧತಿಯೇ ಡಿಸಿಸಿ. ಆ ಆಜ್ಞೆಯನ್ನು ಓದಿ ಮೋಟಾರು ತಿರುಗಿಸಿ, ಸ್ಪೀಕರಿನಿಂದ ಉಗಿಯ ಸದ್ದು ಹೊರಡಿಸುವ ಪುಟ್ಟ ಹಲಗೆ ಡಿಕೋಡರ್. ಇದರ ಸಾಮಾನ್ಯ ವಾಸ ಇಂಜಿನ್ನಿನ ಹಿಂದಿನ ಕಲ್ಲಿದ್ದಲ ಬಂಡಿಯಾದ ಟೆಂಡರಿನೊಳಗೆ, ಪ್ಲಾಸ್ಟಿಕ್ ಕಲ್ಲಿದ್ದಲಿನ ಅಡಿಯಲ್ಲಿ. ಅದರ ನಡತೆಯನ್ನು ನಿರ್ಧರಿಸುವ ಅಂಕಿಗಳಿಗೆ ಸಿವಿ ಎಂದು ಹೆಸರು. ಸಿವಿಗಳು ನೂರಾರು. ಅವನ್ನು ಕಂಠಪಾಠ ಮಾಡಿದವರು ತಜ್ಞರು. ಇಂಜಿನ್ನನ್ನು ಬೋರಲು ಹಾಕಿ ಚಕ್ರ ಒರೆಸಿದವರು ತಜ್ಞರಲ್ಲ.

ನಾದದೋಷವು ತ್ರಿವಿಧ: ಅನಾದ, ಖಂಡನಾದ, ಅಪನಾದ. ಅನಾದವನ್ನು ನೈಯಾಯಿಕರ ಜಾಡಿನಲ್ಲಿ ಚತುರ್ವಿಧವೆಂದು ವಿಂಗಡಿಸಬಹುದು. ಸದ್ದಿನ ಡಿಕೋಡರನ್ನು ಇನ್ನೂ ಕೂರಿಸದಿದ್ದರೆ ಅದು ಪ್ರಾಗಭಾವ. ನಿನ್ನೆಯವರೆಗೆ ಸದ್ದಿತ್ತು, ಭಾವಮೈದ ಬಿಚ್ಚಿ ನೋಡಿದ ಮೇಲೆ ಇಲ್ಲ; ಇದು ಪ್ರಧ್ವಂಸಾಭಾವ. ಧ್ವನಿಮಟ್ಟದ ಸಿವಿಯಲ್ಲಿ ಸೊನ್ನೆ ಕೂತಿದ್ದರೆ ಅತ್ಯಂತಾಭಾವ. ಇಂಜಿನ್ ಟೆಂಡರಲ್ಲ, ಟೆಂಡರು ಇಂಜಿನಲ್ಲ ಎಂಬ ಅನ್ಯೋನ್ಯಾಭಾವವೇ ಇವುಗಳಲ್ಲಿ ಅತಿ ಸಾಮಾನ್ಯ: ಎರಡರ ನಡುವೆ ಕೂದಲಿನಷ್ಟು ಸಣ್ಣ ತಂತಿಗಳಿರುತ್ತವೆ, ಪ್ರತಿ ತಿರುವಿನಲ್ಲೂ ಬಾಗಿ ಬಾಗಿ ಬೆಸುಗೆಯ ಬುಡದಲ್ಲಿ ತುಂಡಾಗುತ್ತವೆ. ಹಳೆಯ ಹಿತ್ತಾಳೆ ಮಾದರಿಗಳಲ್ಲಂತೂ ಒಂದು ಹಳಿಯ ವಿದ್ಯುತ್ತನ್ನು ಇಂಜಿನ್ ಹೀರಿದರೆ ಇನ್ನೊಂದರದನ್ನು ಟೆಂಡರು ಹೀರಬೇಕು. ಕೊಂಡಿ ಸಡಿಲವಾದರೆ ಸದ್ದೂ ಇಲ್ಲ, ಓಟವೂ ಇಲ್ಲ.

ಇಲ್ಲಿ ಮಹಾವಾಕ್ಯದ ಪ್ರಯೋಗ. ಸಿವಿ 8 ತಯಾರಕರ ಗುರುತಿನ ಸಂಖ್ಯೆ ಇರುವ ಜಾಗ. ಬಹಳಷ್ಟು ಡಿಕೋಡರ್‌ಗಳಲ್ಲಿ ಅಲ್ಲಿ 8 ಎಂದು ಬರೆದರೆ ಎಲ್ಲ ಸಿವಿಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ವಿಳಾಸವೂ ಮರಳುತ್ತದೆ, 3ಕ್ಕೆ. ಇದನ್ನು ತಜ್ಞರು ಹೇಳುವುದಿಲ್ಲ. ಆದ್ದರಿಂದ ಸದ್ದಿಲ್ಲದಿದ್ದರೂ ಓಡುತ್ತಿದ್ದ ಇಂಜಿನ್, ಚಿಕಿತ್ಸೆಯ ತರುವಾಯ ಹಳೆಯ ಸಂಖ್ಯೆಗೆ ಓಗೊಡದೆ ನಿಲ್ಲುತ್ತದೆ. ಡಿಕೋಡರ್ ಸತ್ತಿದೆ ಎಂದು ತಜ್ಞರು ಘೋಷಿಸುತ್ತಾರೆ. ಹೊಸತನ್ನು ಕೊಳ್ಳುತ್ತೇವೆ.

ಖಂಡನಾದ: ಸದ್ದು ತುಂಡು ತುಂಡಾಗಿ ಬರುವುದು. ಇದಕ್ಕೆ ಹದಿನಾರು ಉಪಭೇದಗಳನ್ನು ಬರೆದಿಟ್ಟಿದ್ದೆ. ಹದಿನಾರಕ್ಕೂ ಕಾರಣ ಕೊಳೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ, ಚಕ್ರ ಒರೆಸಿ. ಆಮೇಲೂ ತೊದಲಿದರೆ, ಕ್ಷಣಕಾಲಕ್ಕೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನ ಮಾತು. ಉಪಭೇದಗಳನ್ನು ಕೈಬಿಟ್ಟಿದ್ದೇನೆ.

ಅಪನಾದ: ಸದ್ದುಂಟು, ಸರಿಯಿಲ್ಲ. ಸ್ಪೀಕರನ್ನು ಗೂಡಿಲ್ಲದೆ ಸುಮ್ಮನೆ ಟೆಂಡರಿಗೆ ಅಂಟಿಸಿದರೆ ಹಿಂದಿನ ಅಲೆ ಮುಂದಿನದನ್ನು ನುಂಗಿ, ಬುರುಡೆಯಿಲ್ಲದ ತಂಬೂರಿಯ ದನಿ ಬರುತ್ತದೆ. ಇದು ಸುಲಭ. ಕಷ್ಟದ್ದು ಲಯ. ಎರಡು ಸಿಲಿಂಡರಿನ ಇಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಬುಸುಗುಟ್ಟುತ್ತದೆ; ಮೂರು ಸಿಲಿಂಡರಿನದು ಸಾಮಾನ್ಯವಾಗಿ ಆರು. ಇಂಗ್ಲೆಂಡಿನ ಲಾರ್ಡ್ ನೆಲ್ಸನ್ ವರ್ಗದ್ದು, ಕ್ರ್ಯಾಂಕುಗಳ ಕೋನದಿಂದಾಗಿ, ಎಂಟು. ನನ್ನ ಬಳಿಯಿರುವ ಅಮೆರಿಕದ ಮಿಕಾಡೊ ನಾಲ್ಕರ ಪೈಕಿ. 63 ಇಂಚಿನ ಅಸಲಿ ಚಕ್ರ ಇಲ್ಲಿ 18 ಮಿಲಿಮೀಟರ್ ಚಿಲ್ಲರೆಗೆ ಇಳಿದಿರುವುದರಿಂದ ಸುಮಾರು 14 ಮಿಲಿಮೀಟರಿಗೊಂದು ಬುಸು ಬೀಳಬೇಕು. ಡಿಕೋಡರಿಗೆ ಚಕ್ರ ಕಾಣುವುದಿಲ್ಲ. ಸಂವೇದಕ ಕೂರಿಸದಿದ್ದರೆ ಮೋಟಾರಿನ ವೇಗದಿಂದ ಊಹಿಸುತ್ತದೆ, ಊಹೆ ತಪ್ಪುತ್ತದೆ. ಲಯ ತಪ್ಪುತ್ತಿದೆ ಎಂದು ದೂರಿದರೆ ತಜ್ಞರು ‘ಅದು ಕೇಳುಗನ ಗ್ರಹಿಕೆಯ ವ್ಯಕ್ತಿನಿಷ್ಠತೆ, ತಾಂತ್ರಿಕ ಹಿನ್ನೆಲೆಯ ಕೊರತೆ’ ಎಂದು ಬರೆದು ಕಳಿಸುತ್ತಾರೆ.

ಇಲ್ಲಿ ಪ್ರಬಂಧವನ್ನು ಬದಿಗಿಟ್ಟು ಒಂದು ಮಾತು ಹೇಳಲೇಬೇಕು. ಆ ಕೇಳುಗರು ಹುಬ್ಬಳ್ಳಿಯ ಲೋಕೋಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು. ಮೀಟರ್ ಗೇಜಿನ ವೈಪಿ ಇಂಜಿನ್ನಿಗೆ ವರ್ಷಗಟ್ಟಲೆ ಕಲ್ಲಿದ್ದಲು ಎರಚಿದವರು. ನನ್ನ ಮಿಕಾಡೊ ಎರಡು ಸುತ್ತು ಬರುವುದರೊಳಗೆ, “ಇದು ಯಾವೂರ ಇಂಜನ್ನಪಾ? ನಾಕೂ ಬಡತ ಒಂದs ಸಮ ಬೀಳಾಕತ್ತಾವು. ಖರೇ ಇಂಜನ್ ಹಂಗ ನಡಿಯೂದಿಲ್ಲ” ಎಂದರು. ನಾಲ್ಕರಲ್ಲೊಂದು ಬಡಿತ ಕುಂಟಿದರೆ ವಾಲ್ವಿನ ಹೊಂದಿಕೆ ಕೆಟ್ಟಿದೆ ಎಂದು ಕಿವಿಯಿಂದಲೇ ಹೇಳುತ್ತಿದ್ದ ಕಾಲದವರು. ಅಂಥವರಿಗೆ ‘ತಾಂತ್ರಿಕ ಹಿನ್ನೆಲೆಯ ಕೊರತೆ’ ಎಂದು ಬರೆಯಲು ಎಷ್ಟು ಸೊಕ್ಕಿರಬೇಕು!

ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಉಗಿ ಇಂಜಿನ್ ಕಟ್ಟುವುದನ್ನು ನಿಲ್ಲಿಸಿತು. 1979ರಲ್ಲಿ ಮೈಸೂರಿನಲ್ಲಿ ರೈಲು ಸಂಗ್ರಹಾಲಯ ತೆರೆಯಿತು. ಅಲ್ಲಿ ಕಬ್ಬಿಣವಿದೆ, ಬಣ್ಣವಿದೆ, ಫಲಕವಿದೆ. ಮಕ್ಕಳು ಮೇಲೆ ಹತ್ತಿ ‘ಕೂ’ ಎಂದು ತಾವೇ ಕೂಗಬೇಕು. ನಮ್ಮ ಬೀದಿಯ ಟೇಪ್ ರೆಕಾರ್ಡರುಗಳೆಲ್ಲ ರೇಡಿಯೊ ಮುಂದೆ ಕೂತು ಸಿನಿಮಾ ಹಾಡು ಹಿಡಿಯುತ್ತಿದ್ದವು. ಸ್ಟೇಷನ್ನು ಹತ್ತು ಹೆಜ್ಜೆಯಲ್ಲಿತ್ತು. ಈಗ ದುಡ್ಡು ಕೊಟ್ಟು ಹಲವು ಸ್ವರ ಒಟ್ಟಿಗೆ ಹೊರಡುವ ಅಮೆರಿಕದ ಸಿಳ್ಳು ತರಿಸಿಕೊಂಡು, ಅದರ ಮಟ್ಟವನ್ನು ಸಿವಿಯಲ್ಲಿ ಹೊಂದಿಸುತ್ತ ಕೂತಿದ್ದೇವೆ. ಯಾವ ಅಂಕಿ ಬರೆದರೂ ಅದು ವೈಪಿಯಾಗುವುದಿಲ್ಲ.

ಕೆಲವು ಡಿಕೋಡರ್‌ಗಳಿಗೆ ನಮ್ಮದೇ ಧ್ವನಿಮುದ್ರಣವನ್ನು ತುಂಬಬಹುದು. ಆ ಫೈರ್‌ಮನ್ ಹಿರಿಯರನ್ನೇ ಕೇಳಿಕೊಂಡೆ. ಎರಡೂ ಕೈ ಬಾಯಿಗೆ ಕೂಡಿಸಿ, ಪಕ್ಕದ ಮನೆಯ ನಾಯಿ ಎದ್ದು ನಿಲ್ಲುವ ಹಾಗೆ ಕೂಗಿದರು. ಸಿಗ್ನಲ್ ದಾಟುವಾಗಿನದೊಂದು, ಗೇಟು ಬಂದಾಗಿನದೊಂದು. ಎರಡನೆಯದರ ಕೊನೆಗೆ ಕೆಮ್ಮು ಬಂತು. ಈಗ ಮಿಕಾಡೊ ಉಪ್ಪಿನ ಡಬ್ಬಿಯ ಬಳಿಯ ಗೇಟಿಗೆ ಬಂದಾಗ ಕೂಗಿ, ಕೆಮ್ಮಿ ಮುಂದೆ ಹೋಗುತ್ತದೆ. ತಜ್ಞರು ಇದನ್ನು ಅಪನಾದದ ನಾಲ್ಕನೆಯ ಉಪಭೇದವೆಂದು ಗುರುತಿಸಿ, ಕತ್ತರಿಸಿ ಕೊಡುವೆನೆಂದು ಲ್ಯಾಪ್‌ಟಾಪ್ ಸಮೇತ ಮನೆಗೇ ಬಂದಿದ್ದರು. ಕಾಫಿ ಕೊಟ್ಟೆ. ಇಂಜಿನ್ ಇದ್ದ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದೆ.