ಮಾವನ ಆಟೋಪೇ

"ಮಾವ, ತಿಂಗಳಿಗೆ 149 ರೂಪಾಯಿ ಯಾವುದಕ್ಕೆ ಹೋಗ್ತಿದೆ?"

"ಯೋಗದ ಆ್ಯಪ್‌ಗೆ ಕಣೋ. ಮೊದಲ ತಿಂಗಳು ಫ್ರೀ ಅಂದ್ರು."

"ಯೋಗ ಮಾಡ್ತೀರಾ?"

"ದುಡ್ಡು ಬಿಡ್ತಿದೀನಲ್ಲ, ಅದೇ ತ್ಯಾಗಯೋಗ."

"ಈ 299?"

"ಸಿನಿಮಾಕ್ಕೆ. ಮೊಮ್ಮಗಳು ಹಾಕಿಸಿದ್ಲು, ಮದುವೆಯಾಗಿ ಕೊಯಮತ್ತೂರಿಗೆ ಹೋದ್ಲು. ಈಗ ಅವಳ ಗಂಡ ನೋಡ್ತಾನೆ."

ಕಿಣತ್ತುಕಡವು ಮಾರ್ಕೆಟ್ಟಿನಲ್ಲಿ ಟೊಮೇಟೊ ಕಿಲೋಗೆ ಎರಡು ರೂಪಾಯಿ ಇಳಿಸಲು ಅರ್ಧ ಗಂಟೆ ಜಗಳವಾಡುವ ಮನುಷ್ಯ ಇವರೇ!

"ರಿಸರ್ವ್ ಬ್ಯಾಂಕ್ ನಿಯಮದಂತೆ ದುಡ್ಡು ಕಡಿತವಾಗೋ 24 ಗಂಟೆ ಮೊದಲೇ ಮೆಸೇಜ್ ಬರುತ್ತಲ್ಲ?"

"ಬರುತ್ತೆ, ಇಂಗ್ಲಿಷಿನಲ್ಲಿ. ಪೊಂಗಲ್ ಶುಭಾಶಯ ಅಂದ್ಕೊಂಡು ಕೈಮುಗೀತೀನಿ."

"ಯುಪಿಐ ಆ್ಯಪಿನಲ್ಲಿ 'ಆಟೋಪೇ' ತೆಗೆದು ರದ್ದು ಮಾಡಿ, ಸಾಕು."

"ಮರೆತ್ರೆ? ಅದನ್ನೆಲ್ಲ ನೆನಪಿಸೋ ಆ್ಯಪ್ ಇದೆಯಂತೆ. ತಿಂಗಳಿಗೆ ಬರೀ 99. ಮೊದಲ ತಿಂಗಳು ಫ್ರೀ!"

ಮಾವನ ಫೋನು ಸದ್ಯ ಅತ್ತೆಯ ಬೀರುವಿನಲ್ಲಿದೆ.